‘ಪಾಕದ್’: ವಿಚಾರಿಸಿಕೊಳ್ಳುವ ಒಂದು ಹೀಬ್ರೂ ಕ್ರಿಯಾಪದ

ಹೀಬ್ರೂ ಬೈಬಲಿನ ಆದಿಕಾಂಡದ 21ನೆಯ ಅಧ್ಯಾಯ ಮುಪ್ಪಿನ ಸಾರಳಿಗೆ ಮಗು ಹುಟ್ಟಿದ ಸುದ್ದಿಯೊಂದಿಗೆ ತೊಡಗುತ್ತದೆ. ಯೆಹೋವನು ತಾನು ಹೇಳಿದ್ದಂತೆಯೇ ಸಾರಳನ್ನು ‘ಪಾಕದ್’ ಮಾಡಿದನು, ಆಕೆ ಬಸುರಾಗಿ ಅಬ್ರಹಾಮನ ಮುದಿವಯಸ್ಸಿನಲ್ಲಿ ಅವನಿಗೊಬ್ಬ ಮಗನನ್ನು ಹೆತ್ತಳು ಎಂದು ಅಲ್ಲಿದೆ. ಮುಂದಿನ ಗ್ರಂಥವಾದ ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿ, ಹತ್ತು ಆಜ್ಞೆಗಳ ನಡುವೆ, ತನ್ನನ್ನು ದ್ವೇಷಿಸುವ ತಂದೆಗಳ ಅಪರಾಧವನ್ನು ಮಕ್ಕಳ ಮೇಲೆ ಮೂರನೆಯ, ನಾಲ್ಕನೆಯ ತಲೆಯವರೆಗೂ ‘ಪಾಕದ್’ ಮಾಡುವವನು ತಾನೆಂದು ಅದೇ ದೇವರು ಹೇಳಿಕೊಳ್ಳುತ್ತಾನೆ. ಒಂದು ಕಡೆ ಬಂಜೆಯ ಮಡಿಲನ್ನು ತುಂಬಿದ ಕ್ರಿಯೆ, ಇನ್ನೊಂದು ಕಡೆ ಮೊಮ್ಮಕ್ಕಳನ್ನೂ ಬಿಡದೆ ಹಿಂಬಾಲಿಸುವ ಕ್ರಿಯೆ. ಹೀಬ್ರೂ ಮೂಲದಲ್ಲಿ ಇವೆರಡಕ್ಕೂ ಒಂದೇ ಕ್ರಿಯಾಪದ. ಅನುವಾದದಲ್ಲಿ ಓದುವವರಿಗೆ ಈ ಸಂಗತಿ ಸಾಮಾನ್ಯವಾಗಿ ಕಾಣುವುದೇ ಇಲ್ಲ, ಏಕೆಂದರೆ ಅನುವಾದಕರು ಮೊದಲನೆಯದಕ್ಕೆ ಒಂದು ಪದವನ್ನೂ ಎರಡನೆಯದಕ್ಕೆ ಮತ್ತೊಂದು ಪದವನ್ನೂ ಬಳಸಿ ಮುಂದೆ ಸಾಗಿರುತ್ತಾರೆ.

ಅವರನ್ನು ದೂರಿ ಪ್ರಯೋಜನವಿಲ್ಲ. ಪ್ರಾಚೀನ ಪಶ್ಚಿಮ ಏಷ್ಯಾದ ಭಾಷೆಗಳ ವಿದ್ವಾಂಸರಾಗಿದ್ದ ಎಫ್ರಾಯಿಮ್ ಸ್ಪೈಸರ್ 1958ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ, ಅನುವಾದಕರಿಗೆ ಇಷ್ಟು ತೊಂದರೆ ಕೊಟ್ಟ ಹೀಬ್ರೂ ಕ್ರಿಯಾಪದ ಬಹುಶಃ ಬೇರೊಂದಿಲ್ಲ ಎಂಬ ಅಭಿಪ್ರಾಯವನ್ನು ಹೇಳಿದ್ದರು. ಬೈಬಲಿನಲ್ಲಿ ಇದು ಸುಮಾರು 300 ಬಾರಿ ಬರುತ್ತದೆ. ನಿಘಂಟನ್ನು ತೆರೆದರೆ ಭೇಟಿಮಾಡು, ಗಮನಿಸು, ಎಣಿಸು, ಸೇನೆಯನ್ನು ಜಮಾಯಿಸು, ನೇಮಿಸು, ಒಪ್ಪಿಸು, ಕಾಣೆಯಾಗು, ದಂಡಿಸು ಎಂದು ಒಂದಕ್ಕೊಂದು ನಂಟೇ ಇಲ್ಲದಂತೆ ತೋರುವ ಅರ್ಥಗಳು ಸಾಲುಗಟ್ಟಿ ನಿಂತಿರುತ್ತವೆ. ಈ ಸಾಲನ್ನು ಬಾಯಿಪಾಠ ಮಾಡುವುದಕ್ಕಿಂತ, ಇಷ್ಟೊಂದು ಅರ್ಥಗಳು ಒಂದೇ ಧಾತುವಿನಿಂದ ಹೇಗೆ ಹೊರಟವು ಎಂದು ಕೇಳಿಕೊಳ್ಳುವುದು ಲೇಸು. ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಕನ್ನಡಿಗನಿಗೆ ಇಂಗ್ಲಿಷ್ ಓದುಗನಿಗಿಲ್ಲದ ಒಂದು ಅನುಕೂಲವಿದೆ ಎಂಬುದು ನನ್ನ ವಾದ.

ಮೊದಲು ವ್ಯಾಕರಣದ ಮಾತು, ಅಗತ್ಯವಿರುವಷ್ಟು ಮಾತ್ರ. ಹೀಬ್ರೂ ಕ್ರಿಯಾಪದಗಳು ಸಾಮಾನ್ಯವಾಗಿ ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ. ಇಲ್ಲಿನ ವ್ಯಂಜನಗಳು ಪೇ, ಕೋಫ್, ದಾಲೆತ್. ನಡುವಿನ ‘ಕ’ಕಾರವು ಉರ್ದುವಿನ ಕಾಫ್‌ನಂತೆ ಗಂಟಲಿನ ಹಿಂಬದಿಯಿಂದ ಬರುತ್ತಿದ್ದ ಧ್ವನಿ. ಈ ಮೂರು ವ್ಯಂಜನಗಳನ್ನು ಬೇರೆ ಬೇರೆ ಅಚ್ಚುಗಳಲ್ಲಿ ಎರೆದಾಗ, ನಮ್ಮಲ್ಲಿ ‘ಮಾಡು’ ಎಂಬುದು ‘ಮಾಡಿಸು’ ಆಗುವ ಹಾಗೆ, ಅರ್ಥ ದಿಕ್ಕು ಬದಲಿಸುತ್ತದೆ. ಸರಳ ರೂಪ ‘ಪಾಕದ್’, ಕರ್ಮಣಿಯನ್ನು ಹೋಲುವ ರೂಪ ‘ನಿಫ್ಕದ್’, ಪ್ರೇರಣಾರ್ಥಕವನ್ನು ಹೋಲುವ ರೂಪ ‘ಹಿಫ್ಕೀದ್’. ಬಳಕೆಯ ಬಹುಪಾಲು ಸರಳ ರೂಪದ್ದೇ.

ದೇವರನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಮನುಷ್ಯರು ಮನುಷ್ಯರನ್ನು ‘ಪಾಕದ್’ ಮಾಡುವ ಪ್ರಸಂಗಗಳನ್ನು ನೋಡಿದರೆ ದಾರಿ ತಿಳಿಯಾಗುತ್ತದೆ. ದಾವೀದನ ಮೂವರು ಅಣ್ಣಂದಿರು ಸೌಲನ ಸೇನೆಯಲ್ಲಿ ಫಿಲಿಷ್ಟಿಯರ ಎದುರು ಬೀಡುಬಿಟ್ಟಿದ್ದಾರೆ. ಮುದುಕ ತಂದೆ ಇಷಯನು ಕಿರಿಯ ಮಗನ ಕೈಗೆ ಒಂದು ಏಫಾ ಹುರಿದ ಕಾಳು, ಹತ್ತು ರೊಟ್ಟಿಗಳನ್ನು ಕೊಟ್ಟು, ಸಹಸ್ರಾಧಿಪತಿಗೆಂದು ಹತ್ತು ಗಿಣ್ಣಿನ ಗಡ್ಡೆಗಳನ್ನೂ ಹೊರಿಸಿ, ಅಣ್ಣಂದಿರನ್ನು ‘ಶಾಲೋಮ್’ಗಾಗಿ ಪಾಕದ್ ಮಾಡಿ ಬಾ ಎಂದು ಕಳಿಸುತ್ತಾನೆ. ಒಂದನೆಯ ಸಮುವೇಲನ 17ನೆಯ ಅಧ್ಯಾಯದ ಈ ವಾಕ್ಯವನ್ನು ಕನ್ನಡದಲ್ಲಿ ಹೇಳಲು ತಿಣುಕಬೇಕಾಗಿಲ್ಲ: ಅಣ್ಣಂದಿರ ಯೋಗಕ್ಷೇಮ ವಿಚಾರಿಸಿಕೊಂಡು ಬಾ. ಸಂಸೋನನು ಮುನಿದು ಬಿಟ್ಟುಹೋಗಿದ್ದ ಹೆಂಡತಿಯನ್ನು ಗೋದಿಯ ಸುಗ್ಗಿಯ ಕಾಲದಲ್ಲಿ ಒಂದು ಮೇಕೆಮರಿಯೊಂದಿಗೆ ‘ಪಾಕದ್’ ಮಾಡಲು ಹೋಗುತ್ತಾನೆ. ಅಲ್ಲಿಯೂ ಅರ್ಥ ಹೆಚ್ಚುಕಡಿಮೆ ಇದೇ. ದಂಗೆಯೆದ್ದು ಇಸ್ರಾಯೇಲಿನ ಅರಸನಾದ ಯೇಹುವಿನ ಮಾತು ಮಾತ್ರ ಬೇರೆ ಬಣ್ಣದ್ದು. ಈಜೆಬೆಲ್ ರಾಣಿಯನ್ನು ಕಿಟಕಿಯಿಂದ ಕೆಳಕ್ಕೆ ತಳ್ಳಿಸಿ ಕೊಲ್ಲಿಸಿದ ಮೇಲೆ ಅವನು ಒಳಗೆ ಹೋಗಿ ಉಂಡು ಕುಡಿದು, ಆ ಶಾಪಗ್ರಸ್ತೆಯನ್ನು ‘ಪಾಕದ್’ ಮಾಡಿ ಹೂಳಿರಿ, ಎಷ್ಟಾದರೂ ಅರಸನ ಮಗಳು ಎನ್ನುತ್ತಾನೆ. ಇಲ್ಲಿ ಭೇಟಿಯೂ ಇಲ್ಲ, ಕ್ಷೇಮವೂ ಇಲ್ಲ. ಹೆಣಕ್ಕೆ ಆಗಬೇಕಾದ ವ್ಯವಸ್ಥೆಯನ್ನು ನೋಡಿರಿ ಎಂಬ ಆಜ್ಞೆಯಷ್ಟೇ ಇದೆ.

ಈ ಮೂರು ಪ್ರಸಂಗಗಳಲ್ಲಿ ಸಮಾನವಾದದ್ದೇನು? ತನಗೆ ಸಂಬಂಧಪಟ್ಟವರ ಅಥವಾ ತನ್ನ ಹೊಣೆಗೆ ಬಿದ್ದ ಸಂಗತಿಯೊಂದರ ಕಡೆಗೆ ಒಬ್ಬನು ಗಮನ ಹರಿಸುತ್ತಾನೆ, ಮತ್ತು ಆ ಗಮನ ಬರಿಯ ನೋಟದಲ್ಲಿ ನಿಲ್ಲದೆ ಏನಾದರೊಂದು ಕೆಲಸದಲ್ಲಿ ಮುಗಿಯುತ್ತದೆ. ಕನ್ನಡದ ‘ವಿಚಾರಿಸು’ ಮತ್ತು ‘ವಿಚಾರಿಸಿಕೊಳ್ಳು’ ಎಂಬ ಮಾತುಗಳನ್ನು ನೆನೆಯಿರಿ. ಮದುವೆಯ ಮನೆಯ ಯಜಮಾನನು ಪಂಕ್ತಿಯ ಉದ್ದಕ್ಕೂ ನಡೆದು ಯಾರಿಗೆ ಏನು ಬೇಕು ಎಂದು ವಿಚಾರಿಸುತ್ತಾನೆ. ಬೀಗರು ಊರಿಗೆ ಮರಳಿದ ಮೇಲೆ ‘ನಮ್ಮನ್ನು ಚೆನ್ನಾಗಿ ವಿಚಾರಿಸಿಕೊಂಡರು’ ಎಂದು ಹೊಗಳುತ್ತಾರೆ. ನ್ಯಾಯಾಲಯದಲ್ಲಿಯೂ ನಡೆಯುವುದು ವಿಚಾರಣೆಯೇ. ಜಗಳದಲ್ಲಿ ಸೋತವನು ‘ಇರು, ನಿನ್ನನ್ನು ವಿಚಾರಿಸಿಕೊಳ್ತೀನಿ’ ಎಂದು ಬೆರಳು ತೋರಿಸಿ ಹೋದರೆ, ಅವನು ಊಟಕ್ಕೆ ಕರೆಯುತ್ತಿದ್ದಾನೆಂದು ಯಾರೂ ತಿಳಿಯುವುದಿಲ್ಲ. ‘ನೋಡಿಕೊಳ್ಳು’ ಎಂಬುದರ ಕಥೆಯೂ ಇದೇ: ಮಗುವನ್ನು ನೋಡಿಕೊಳ್ಳುವುದೇ ಬೇರೆ, ವೈರಿಯನ್ನು ನೋಡಿಕೊಳ್ಳುವುದೇ ಬೇರೆ, ಕ್ರಿಯಾಪದ ಮಾತ್ರ ಒಂದೇ. ಹೀಗೆ ಆದರವನ್ನೂ ಬೆದರಿಕೆಯನ್ನೂ ಒಂದೇ ಮಾತಿನಲ್ಲಿ ಇಟ್ಟುಕೊಂಡಿರುವ ಭಾಷೆಯವರಿಗೆ ‘ಪಾಕದ್’ ಎಂಬುದರ ಇಬ್ಬಗೆ ಒಗಟಾಗಿ ಕಾಣಬೇಕಾಗಿಲ್ಲ.

ಆದರೆ ಹೋಲಿಕೆಯನ್ನು ಅತಿಯಾಗಿ ಎಳೆಯಲಾಗದು. ‘ವಿಚಾರಿಸು’ ಎಂಬುದರಲ್ಲಿ ಕೇಳುವ, ಮಾತನಾಡಿಸುವ ಅಂಶ ಗಟ್ಟಿಯಾಗಿದೆ. ‘ಪಾಕದ್’ ಎಂಬುದರಲ್ಲಿ ಪ್ರಶ್ನೆ ಕೇಳುವುದಿಲ್ಲ, ಅದಕ್ಕೆ ಹೀಬ್ರೂವಿನಲ್ಲಿ ಬೇರೆ ಧಾತುಗಳಿವೆ. ಅಲ್ಲದೆ ‘ಪಾಕದ್’ ಎಣಿಸುತ್ತದೆ, ‘ವಿಚಾರಿಸು’ ಎಣಿಸುವುದಿಲ್ಲ.

ಎಣಿಕೆಯ ಅರ್ಥ ಅತ್ಯಂತ ದಟ್ಟವಾಗಿ ಸಿಗುವುದು ಬೈಬಲಿನ ನಾಲ್ಕನೆಯ ಗ್ರಂಥದಲ್ಲಿ. ಅದರ ಹೀಬ್ರೂ ಹೆಸರು ‘ಬೆಮಿದ್ಬಾರ್’, ಅಂದರೆ ‘ಅರಣ್ಯದಲ್ಲಿ’. ಕನ್ನಡ ಬೈಬಲ್ ಆ ಗ್ರಂಥವನ್ನು ಅರಣ್ಯಕಾಂಡವೆಂದು ಕರೆಯುವಾಗ ಹೀಬ್ರೂ ಹೆಸರಿಗೇ ಹತ್ತಿರವಿದೆ. ಗ್ರೀಕ್ ಅನುವಾದ ಮಾತ್ರ ಅದಕ್ಕೆ ‘ಸಂಖ್ಯೆಗಳು’ ಎಂದು ಹೆಸರಿಟ್ಟಿತು, ಇಂಗ್ಲಿಷ್ ಅದನ್ನೇ ಹಿಡಿಯಿತು. ಯೆಹೂದಿ ಧರ್ಮಶಾಸ್ತ್ರಜ್ಞರ ಹಳೆಯ ಸಂಗ್ರಹವಾದ ಮಿಶ್ನಾದಲ್ಲಿ ಈ ಗ್ರಂಥಕ್ಕೆ ಇನ್ನೊಂದು ಹೆಸರಿದೆ: ‘ಪೆಕುದೀಮ್’ಗಳ ಗ್ರಂಥ, ಅಂದರೆ ‘ಪಾಕದ್’ ಮಾಡಲ್ಪಟ್ಟವರ, ಎಣಿಕೆಗೆ ಒಳಗಾದವರ ಗ್ರಂಥ. ಮೊದಲ ಅಧ್ಯಾಯದಲ್ಲಿ ಇಪ್ಪತ್ತು ವರ್ಷ ಮೇಲ್ಪಟ್ಟ, ಯುದ್ಧಕ್ಕೆ ಹೊರಡಬಲ್ಲ ಗಂಡಸರನ್ನು ಕುಲವಾರು ಲೆಕ್ಕ ಹಾಕಿದಾಗ ಒಟ್ಟು 6,03,550 ಆಗುತ್ತದೆ. 26ನೆಯ ಅಧ್ಯಾಯದ ಎರಡನೆಯ ಎಣಿಕೆಯಲ್ಲಿ ಅದು 6,01,730. ಎರಡು ಎಣಿಕೆಗಳ ನಡುವೆ ಒಂದು ತಲೆಮಾರು ಅರಣ್ಯದಲ್ಲಿ ಸತ್ತುಹೋಗಿರುತ್ತದೆ.

ಇದು ಬರಿಯ ಜನಗಣತಿಯಲ್ಲ, ಲೆಕ್ಕಪತ್ರವೂ ಹೌದು. ವಿಮೋಚನಕಾಂಡದ 38ನೆಯ ಅಧ್ಯಾಯದಲ್ಲಿ ದೇವದರ್ಶನದ ಗುಡಾರಕ್ಕೆ, ಅಂದರೆ ಅರಣ್ಯದ ಪಯಣದಲ್ಲಿ ಹೊತ್ತೊಯ್ಯುತ್ತಿದ್ದ ದೇಗುಲಕ್ಕೆ, ಬಳಸಿದ ಲೋಹಗಳ ಪಟ್ಟಿ ‘ಇವು ಗುಡಾರದ ಪೆಕುದೇ’ ಎಂದು ಆರಂಭವಾಗುತ್ತದೆ. ಇಲ್ಲಿ ಆ ಪದಕ್ಕೆ ‘ಜಮಾಖರ್ಚು’ ಎನ್ನುವುದೇ ಸರಿ. ಎಣಿಕೆಗೆ ಒಳಗಾದ 6,03,550 ಮಂದಿ ತಲೆಗೆ ಅರ್ಧ ಶೆಕೆಲ್‌ನಂತೆ ಬೆಳ್ಳಿ ಕೊಟ್ಟರು, ಒಟ್ಟು ಬೆಳ್ಳಿ 100 ತಲಾಂತು ಮತ್ತು 1,775 ಶೆಕೆಲ್ ಎಂದು ಅಲ್ಲಿ ದಾಖಲಾಗಿದೆ. ಇವು ಆ ಕಾಲದ ತೂಕದ ಅಳತೆಗಳು; ಒಂದು ತಲಾಂತಿಗೆ 3,000 ಶೆಕೆಲ್ ಎಂದು ಹಿಡಿದು ಗುಣಿಸಿದರೆ 3,01,775 ಶೆಕೆಲ್ ಬರುತ್ತದೆ, ಅದು ತಲೆಗಳ ಸಂಖ್ಯೆಯ ಸರಿಯಾಗಿ ಅರ್ಧ. ಶಾನುಭೋಗರ ಲೆಕ್ಕದ ಹಾಗೆ ಒಂದು ಶೆಕೆಲ್ ಅತ್ತಿತ್ತ ಆಗಿಲ್ಲ.

ಅರ್ಧ ಶೆಕೆಲ್ ಕೊಡಬೇಕಾದ ಕಾರಣವನ್ನು ಅದೇ ಗ್ರಂಥದ 30ನೆಯ ಅಧ್ಯಾಯ ಹೇಳುತ್ತದೆ: ಜನರನ್ನು ‘ಪಾಕದ್’ ಮಾಡುವಾಗ ಅವರ ಮೇಲೆ ವ್ಯಾಧಿ ಬಾರದಂತೆ ಪ್ರತಿಯೊಬ್ಬನೂ ತನ್ನ ಪ್ರಾಣಕ್ಕೆ ಈಡು ಕೊಡಬೇಕು. ಎಣಿಸಿಕೊಳ್ಳುವುದೆಂದರೆ ಮೇಲಿನವನ ಕಣ್ಣಿಗೆ ಬೀಳುವುದು, ಅದರಲ್ಲಿ ಅಪಾಯವಿದೆ. ದಾವೀದನು ಸೇನಾಪತಿ ಯೋವಾಬನ ಮಾತನ್ನು ಮೀರಿ ಜನರನ್ನು ಎಣಿಸಿದಾಗ ಬಂದ ವ್ಯಾಧಿಗೆ 70,000 ಮಂದಿ ಸತ್ತರೆಂದು ಎರಡನೆಯ ಸಮುವೇಲನ ಕೊನೆಯ ಅಧ್ಯಾಯ ಹೇಳುತ್ತದೆ. ಎಣಿಸಲು ಅರಸನು ಕೊಟ್ಟ ಆಜ್ಞೆಯಲ್ಲಿಯೂ ಇದೇ ಕ್ರಿಯಾಪದವಿದೆ. ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಆರಂಭಿಸುತ್ತಿದ್ದ ನಮ್ಮ ಹಿರಿಯರಿಗೆ ಈ ಅಳುಕು ಪೂರಾ ಅಪರಿಚಿತವೆನಿಸುತ್ತಿರಲಿಲ್ಲ.

ಎಣಿಕೆಯಿಂದ ಹುಟ್ಟಿದ ಮರಿ ಅರ್ಥವೊಂದಿದೆ, ನಿಘಂಟು ಓದುವವರನ್ನು ಹೆಚ್ಚು ಗೊಂದಲಗೊಳಿಸುವುದು ಅದೇ. ‘ನಿಫ್ಕದ್’ ಎಂಬ ರೂಪಕ್ಕೆ ‘ಗಮನಕ್ಕೆ ಬರು’ ಎಂಬ ಅರ್ಥವನ್ನು ನಿರೀಕ್ಷಿಸಿದವನಿಗೆ ‘ಇಲ್ಲವಾಗು, ಕಾಣೆಯಾಗು’ ಎಂಬ ತದ್ವಿರುದ್ಧದ ಅರ್ಥ ಎದುರಾಗುತ್ತದೆ. ಹಾಜರಿ ತೆಗೆಯುವ ಸನ್ನಿವೇಶವನ್ನು ಕಲ್ಪಿಸಿಕೊಂಡರೆ ಒಗಟು ಬಿಡಿಸಿಕೊಳ್ಳುತ್ತದೆ. ಸಾಲಾಗಿ ಹೆಸರು ಕೂಗುವಾಗ ‘ಇದ್ದೇನೆ’ ಎಂದವನು ಯಾರ ಗಮನಕ್ಕೂ ಬರುವುದಿಲ್ಲ; ಉತ್ತರ ಬಾರದ ಹೆಸರಿನ ಬಳಿ ಮಾತ್ರ ಕೂಗುವವನು ತಲೆಯೆತ್ತಿ ನೋಡುತ್ತಾನೆ. ಎಣಿಕೆಯಲ್ಲಿ ಎದ್ದು ಕಾಣುವುದು ಇಲ್ಲದವನೇ. ಅರಸ ಸೌಲನ ಮಗ ಯೋನಾತಾನನು, ಸೌಲನಿಗೆ ಹೆದರಿ ಅಡಗಲಿದ್ದ ಗೆಳೆಯ ದಾವೀದನಿಗೆ ಹೇಳುವ ಮಾತಿನಲ್ಲಿ ಈ ಜಾರುವಿಕೆ ಸ್ಪಷ್ಟವಾಗಿದೆ: ನಾಳೆ ಅಮಾವಾಸ್ಯೆ ಕಳೆದ ಹಬ್ಬ, ನಿನ್ನ ಪೀಠ ‘ನಿಫ್ಕದ್’ ಆಗುವುದರಿಂದ ನೀನು ‘ನಿಫ್ಕದ್’ ಆಗುವೆ. ಪೀಠ ಬರಿದಾಗಿರುತ್ತದೆ, ಆದ್ದರಿಂದ ನೀನಿಲ್ಲದ್ದು ಗೊತ್ತಾಗುತ್ತದೆ. ಒಂದೇ ವಾಕ್ಯದಲ್ಲಿ ಒಂದೇ ರೂಪ ಖಾಲಿತನವನ್ನೂ ಆ ಖಾಲಿತನ ಕಣ್ಣಿಗೆ ಬೀಳುವುದನ್ನೂ ಹೇಳುತ್ತಿದೆ. ಅರಣ್ಯಕಾಂಡದ 31ನೆಯ ಅಧ್ಯಾಯದಲ್ಲಿ ಮಿದ್ಯಾನರ ಮೇಲಿನ ಯುದ್ಧ ಮುಗಿದ ಮೇಲೆ ಸೇನೆಯ ‘ಪೆಕುದೀಮ್’ಗಳು, ಇಲ್ಲಿ ಅಧಿಕಾರಿಗಳು, ಮೋಶೆಯ ಬಳಿಗೆ ಬಂದು, ನಮ್ಮ ಕೈಕೆಳಗಿನ ಯೋಧರ ಲೆಕ್ಕ ತೆಗೆದೆವು, ಒಬ್ಬನೂ ‘ನಿಫ್ಕದ್’ ಆಗಿಲ್ಲ ಎಂದು ವರದಿ ಒಪ್ಪಿಸುತ್ತಾರೆ. ಎಣಿಸುವವನ ಹುದ್ದೆಯೂ ಎಣಿಕೆಗೆ ತಪ್ಪಿದವನ ಸ್ಥಿತಿಯೂ ಅಕ್ಕಪಕ್ಕದ ಎರಡು ವಚನಗಳಲ್ಲಿ ಒಂದೇ ಧಾತುವಿನಿಂದ ಬಂದಿವೆ.

ಹೀಬ್ರೂವಿನ ಸೋದರ ಭಾಷೆಯಾದ ಅರಬ್ಬಿಯಲ್ಲಿ ಈ ಧಾತುವಿನ ಮುಖ್ಯ ಅರ್ಥವೇ ‘ಕಳೆದುಕೊಳ್ಳು’ ಎಂದಾಗಿದೆ. ಉರ್ದು ಬಲ್ಲವರಿಗೆ ‘ಕಾಣೆಯಾದ’ ಎಂಬರ್ಥದ ‘ಮಫ್ಕೂದ್’ ಎಂಬ ಮಾತು ಗೊತ್ತಿರುತ್ತದೆ. ಆದರೆ ಅರಬ್ಬಿಯೂ ಹಳೆಯ ಅರ್ಥವನ್ನು ಪೂರ್ತಿ ಬಿಟ್ಟಿಲ್ಲ. ಕುರ್‌ಆನಿನ 27ನೆಯ ಅಧ್ಯಾಯದಲ್ಲಿ ಸುಲೈಮಾನನು ತನ್ನ ಸೇನೆಯ ಹಕ್ಕಿಗಳನ್ನು ‘ತಫಕ್ಕದ’ ಮಾಡಿ, ಹುದ್‌ಹುದ್ ಹಕ್ಕಿ ಏಕೆ ಕಾಣುತ್ತಿಲ್ಲ ಎಂದು ಕೇಳುತ್ತಾನೆ. ಪರಿಶೀಲನೆ, ಆ ಪರಿಶೀಲನೆಯಲ್ಲಿ ಬಯಲಾದ ಗೈರುಹಾಜರಿ, ಎರಡೂ ಅಲ್ಲಿ ಒಟ್ಟಿಗೆ ಇವೆ. ಇಂದಿನ ಇಸ್ರೇಲಿನ ಹೀಬ್ರೂವಿನಲ್ಲಿ ‘ಮಿಫ್ಕಾದ್’ ಎಂದರೆ ಗಣತಿ, ‘ಮೆಫಕ್ಕೇದ್’ ಎಂದರೆ ಸೇನೆಯ ದಳಪತಿ, ‘ಪಾಕೀದ್’ ಎಂದರೆ ಕಚೇರಿಯ ಗುಮಾಸ್ತ, ‘ಪಿಕ್ಕಾದೋನ್’ ಎಂದರೆ ಬ್ಯಾಂಕಿನ ಠೇವಣಿ. ‘ನಿಫ್ಕಾದ್’ ಎಂಬುದು ಅಲ್ಲಿ ಕಾನೂನಿನ ಪದವಾಗಿದೆ: 1948ರ ಯುದ್ಧಕಾಲದಲ್ಲಿ ಮನೆಮಾರು ಬಿಟ್ಟುಹೋದವರ ಆಸ್ತಿಯನ್ನು ಕುರಿತ 1950ರ ಕಾಯ್ದೆ ಅವರನ್ನು ‘ನಿಫ್ಕದೀಮ್’ ಎನ್ನುತ್ತದೆ. ದೇಶದೊಳಗೇ ಉಳಿದಿದ್ದರೂ ಆಸ್ತಿಯ ಲೆಕ್ಕದಲ್ಲಿ ಗೈರಾದ ಅರಬರನ್ನು ಹೇಳಲು ‘ಹಾಜರಿರುವ ಗೈರುಹಾಜರಿಗಳು’ ಎಂಬ ವಿಚಿತ್ರ ಪದಪುಂಜವೂ ಹುಟ್ಟಿಕೊಂಡಿತು.

‘ಠೇವಣಿ’ ಎಂಬ ಅರ್ಥ ಹೊರಟದ್ದು ‘ಹಿಫ್ಕೀದ್’ ಎಂಬ ಪ್ರೇರಣಾರ್ಥಕ ರೂಪದಿಂದ. ಇನ್ನೊಬ್ಬನು ನೋಡಿಕೊಳ್ಳುವಂತೆ ಮಾಡುವುದು ಎಂದರೆ ಅವನ ವಶಕ್ಕೆ ಒಪ್ಪಿಸುವುದು, ಇಲ್ಲವೇ ಅವನನ್ನು ಉಸ್ತುವಾರಿಗೆ ನೇಮಿಸುವುದು. ಐಗುಪ್ತದ, ಅಂದರೆ ಈಜಿಪ್ಟಿನ, ಪೋಟೀಫರನು ದಾಸನಾಗಿ ಬಂದ ಯೋಸೇಫನನ್ನು ತನ್ನ ಮನೆಯ ಪಾರುಪತ್ಯಕ್ಕೆ ‘ಹಿಫ್ಕೀದ್’ ಮಾಡುತ್ತಾನೆ. ಪ್ರವಾದಿ ಯೆರೆಮೀಯನನ್ನು ದೇವರು ಜನಾಂಗಗಳ ಮತ್ತು ರಾಜ್ಯಗಳ ಮೇಲೆ ‘ಹಿಫ್ಕೀದ್’ ಮಾಡುತ್ತಾನೆ. 31ನೆಯ ಕೀರ್ತನೆಯಲ್ಲಿ ಬರುವ ‘ನಿನ್ನ ಕೈಗೆ ನನ್ನ ಆತ್ಮವನ್ನು ಒಪ್ಪಿಸುತ್ತೇನೆ’ ಎಂಬ ಮಾತಿನ ಕ್ರಿಯಾಪದವೂ ಇದೇ. ಲೂಕನ ಸುವಾರ್ತೆಯಲ್ಲಿ ಶಿಲುಬೆಯ ಮೇಲಿನ ಯೇಸುವಿನ ಕೊನೆಯ ಮಾತಾಗಿ ಕ್ರೈಸ್ತರೆಲ್ಲರಿಗೂ ಪರಿಚಿತವಾದ ಈ ವಾಕ್ಯದ ಹಿಂದೆ ಹೀಬ್ರೂ ಕಿವಿಗೆ ಕೇಳುವುದು ಠೇವಣಿ ಇಡುವವನ ಮಾತು: ಇದು ನಿನ್ನ ವಶದಲ್ಲಿರಲಿ, ಲೆಕ್ಕ ನಿನ್ನದು.

ಪ್ರಾಚೀನ ಮೆಸೊಪೊಟೇಮಿಯದ, ಇನ್ನೂ ಹಳೆಯ ಅಕ್ಕಾಡಿಯನ್ ಭಾಷೆಯಲ್ಲಿಯೂ ‘ಪಕಾದು’ ಎಂದರೆ ಒಪ್ಪಿಸು, ನೋಡಿಕೊಳ್ಳು, ನೇಮಿಸು ಎಂಬ ಅರ್ಥಗಳಿವೆ. ಅಲ್ಲಿ ‘ಪಾಕಿದು’ ಎಂದರೆ ಸತ್ತವನಿಗೆ ಎಡೆಯಿಟ್ಟು ನೀರೆರೆಯುವ ಹೊಣೆ ಹೊತ್ತವನು ಕೂಡ ಹೌದು. ಗಿಲ್ಗಮೇಶ್ ಕಾವ್ಯದ 12ನೆಯ ಫಲಕದ ಕೊನೆಯಲ್ಲಿ, ಪಾಕಿದು ಇಲ್ಲದ ಪ್ರೇತವು ಮಡಕೆಯ ತಳ ಕೆರೆದದ್ದನ್ನೂ ಬೀದಿಗೆ ಎಸೆದ ರೊಟ್ಟಿಯ ಚೂರುಗಳನ್ನೂ ತಿನ್ನುತ್ತದೆ ಎಂದಿದೆ. ಪಿತೃಪಕ್ಷದಲ್ಲಿ ಎಡೆಯಿಡುವ ಮನೆಗಳಲ್ಲಿ ಬೆಳೆದವರಿಗೆ ಈ ಸಾಲು ಬೇಗ ನಾಟುತ್ತದೆ. ‘ಪಾಕದ್’ ಮಾಡುವವರಿಲ್ಲದ ಜೀವ ದಿಕ್ಕಿಲ್ಲದ ಜೀವ ಎಂಬ ಈ ಭಾವವನ್ನು ಹಿಡಿದುಕೊಂಡೇ ದೇವರು ಕರ್ತೃವಾಗಿರುವ ವಾಕ್ಯಗಳಿಗೆ ಮರಳಬೇಕು.

ಸಾರಳಂತೆಯೇ ಬಂಜೆಯೆನಿಸಿದ್ದ ಹನ್ನಳನ್ನೂ ದೇವರು ‘ಪಾಕದ್’ ಮಾಡುತ್ತಾನೆ. ಚೊಚ್ಚಲ ಮಗ ಸಮುವೇಲನನ್ನು ಗುಡಿಗೆ ಒಪ್ಪಿಸಿದ ಮೇಲೆ ಆಕೆಗೆ ಇನ್ನೂ ಮೂವರು ಗಂಡುಮಕ್ಕಳೂ ಇಬ್ಬರು ಹೆಣ್ಣುಮಕ್ಕಳೂ ಹುಟ್ಟುತ್ತಾರೆ. ರೂತಳ ಕಥೆಯ ಆರಂಭದಲ್ಲಿ, ಬರಗಾಲದಿಂದ ಮೋವಾಬಿಗೆ ಗುಳೆ ಹೋಗಿದ್ದ ನವೊಮಿಗೆ, ಯೆಹೋವನು ತನ್ನ ಜನರನ್ನು ‘ಪಾಕದ್’ ಮಾಡಿ ಅವರಿಗೆ ಆಹಾರ ಕೊಟ್ಟನೆಂಬ ಸುದ್ದಿ ಮುಟ್ಟುತ್ತದೆ. ಸಾಯುವ ಹೊತ್ತಿನಲ್ಲಿ ಯೋಸೇಫನು ‘ಪಾಕೋದ್ ಯಿಫ್ಕೋದ್’ ಎಂದು ಧಾತುವನ್ನು ಇಮ್ಮಡಿಸಿ, ದೇವರು ನಿಮ್ಮನ್ನು ಖಂಡಿತವಾಗಿ ‘ಪಾಕದ್’ ಮಾಡುವನು, ಆಗ ನನ್ನ ಮೂಳೆಗಳನ್ನು ಇಲ್ಲಿಂದ ಒಯ್ಯಿರಿ ಎಂದು ಪ್ರಮಾಣ ಮಾಡಿಸುತ್ತಾನೆ. ತಲೆಮಾರುಗಳು ಕಳೆದ ಮೇಲೆ ಉರಿಯುವ ಪೊದೆಯಿಂದ ಮೋಶೆಗೆ ಕೇಳಿಸುವ ಸಂದೇಶದಲ್ಲಿ ‘ಪಾಕೋದ್ ಪಾಕದ್ತಿ’ ಎಂದು ಅದೇ ಇಮ್ಮಡಿ ಮರಳಿ ಬರುತ್ತದೆ. ಈ ಪದ ಒಂದು ಗುಟ್ಟಿನ ಗುರುತಾಗಿತ್ತು, ಯೋಸೇಫನ ಕಾಲದಿಂದ ಬದುಕುಳಿದಿದ್ದ ಆಶೇರನ ಮಗಳು ಸೆರಹಳು ಅದನ್ನು ಕೇಳಿಯೇ ಮೋಶೆ ನಿಜವಾದ ವಿಮೋಚಕನೆಂದು ಹೇಳಿದಳು ಎಂದು ಯೆಹೂದಿ ಪುರಾಣಕಥನ ಇದನ್ನು ಬೆಳೆಸಿತು.

ಇವೆಲ್ಲ ಕೃಪೆಯ ಪ್ರಸಂಗಗಳು. ಶಿಕ್ಷೆಯ ಪ್ರಸಂಗಗಳಲ್ಲಿ ವಾಕ್ಯದ ರಚನೆ ಸಾಮಾನ್ಯವಾಗಿ ಬದಲಾಗುತ್ತದೆ: ‘ಪಾಕದ್’ ಮಾಡಲ್ಪಡುವುದು ಅಪರಾಧ, ಅದು ಬಂದು ಬೀಳುವುದು ಒಬ್ಬನ ‘ಮೇಲೆ’. ಭೂಮಿಯ ಕುಲಗಳಲ್ಲೆಲ್ಲ ನಿಮ್ಮನ್ನು ಮಾತ್ರ ಬಲ್ಲೆನು, ಆದ್ದರಿಂದ ನಿಮ್ಮ ಅಪರಾಧಗಳನ್ನೆಲ್ಲ ನಿಮ್ಮ ಮೇಲೆ ‘ಪಾಕದ್’ ಮಾಡುವೆನು ಎಂಬ, ಪ್ರವಾದಿ ಆಮೋಸನು ತಿಳಿಸುವ ದೇವರ ಮಾತಿನಲ್ಲಿ ಈ ‘ಮೇಲೆ’ ಇದೆ, ಅದಕ್ಕಿಂತ ಮುಖ್ಯವಾದ ‘ಆದ್ದರಿಂದ’ ಎಂಬುದೂ ಇದೆ. ಹತ್ತಿರದವರೆಂಬ ಕಾರಣಕ್ಕೇ ಲೆಕ್ಕ ಕೇಳಲಾಗುತ್ತದೆ. ಈ ವ್ಯಾಕರಣದ ಸೂತ್ರಕ್ಕೆ ಅಪವಾದಗಳುಂಟು. ಯೆರೆಮೀಯನಲ್ಲಿ ಕೆಲವೆಡೆ ‘ಮೇಲೆ’ ಎಂಬುದಿಲ್ಲದೆಯೇ ಶಿಕ್ಷೆಯ ಅರ್ಥ ಬರುತ್ತದೆ. ಆದ್ದರಿಂದ ‘ಪಾಕದ್’ ಎಂಬುದಕ್ಕೆ ‘ದಂಡಿಸು’ ಎಂಬ ಸ್ವತಂತ್ರ ಅರ್ಥವಿದೆ ಎನ್ನುವುದಕ್ಕಿಂತ, ಹೊಣೆಗಾರನು ಲೆಕ್ಕ ಕೈಗೆತ್ತಿಕೊಂಡಾಗ ಲೆಕ್ಕದಲ್ಲಿ ಏನಿತ್ತೋ ಅದು ಹೊರಬರುತ್ತದೆ ಎನ್ನುವುದು ಹೆಚ್ಚು ಸರಿ ಎಂದು ನನಗೆ ತೋರುತ್ತದೆ.

ಈ ಇಬ್ಬಗೆಯನ್ನು ಹೀಬ್ರೂ ಕವಿಗಳೂ ಬಲ್ಲವರಾಗಿದ್ದರು. ಎಂಟನೆಯ ಕೀರ್ತನೆಯ ಕವಿ ರಾತ್ರಿಯ ಆಕಾಶವನ್ನು ನೋಡಿ, ನೀನು ನೆನಪಿಟ್ಟುಕೊಳ್ಳಲು ಮನುಷ್ಯನು ಎಷ್ಟರವನು, ನೀನು ‘ಪಾಕದ್’ ಮಾಡಲು ನರಪುತ್ರನು ಎಷ್ಟರವನು ಎಂದು ಬೆರಗಾಗುತ್ತಾನೆ. ಯೋಬನು ತನ್ನ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಬಹುತೇಕ ಅದೇ ಮಾತನ್ನು ಎತ್ತಿಕೊಂಡು ಮಗುಚಿ ಹಾಕುತ್ತಾನೆ. ಮನುಷ್ಯನು ಎಷ್ಟರವನೆಂದು ಅವನನ್ನು ಇಷ್ಟು ದೊಡ್ಡವನನ್ನಾಗಿ ಮಾಡುತ್ತೀ, ಬೆಳಗು ಬೆಳಗೂ ಅವನನ್ನು ‘ಪಾಕದ್’ ಮಾಡುತ್ತೀ, ಕ್ಷಣ ಕ್ಷಣವೂ ಪರೀಕ್ಷಿಸುತ್ತೀ? ಉಗುಳು ನುಂಗುವಷ್ಟು ಹೊತ್ತಾದರೂ ನನ್ನ ಮೇಲಿನ ನಿನ್ನ ಕಣ್ಣನ್ನು ತೆಗೆಯಲಾರೆಯಾ? ಕೀರ್ತನಕಾರನಿಗೆ ಅಭಯವಾಗಿದ್ದ ದೇವರ ಗಮನ ಹುಣ್ಣುಬಿದ್ದ ಮೈಯ ಯೋಬನಿಗೆ ಕಾವಲುಗಾರನ ಕಾಟವಾಗಿದೆ. ಕ್ರಿಯಾಪದ ಬದಲಾಗಿಲ್ಲ. ಇಲ್ಲಿ ಮೊದಲನೆಯದಕ್ಕೆ ‘ಪರಾಂಬರಿಸು’ ಎಂದೂ ಎರಡನೆಯದಕ್ಕೆ ‘ದಂಡಿಸು’ ಎಂದೂ ಬರೆದುಬಿಟ್ಟರೆ ಯೋಬನ ಕಹಿಯಾದ ಚೇಷ್ಟೆಯೇ ಸತ್ತುಹೋಗುತ್ತದೆ.

ಅನುವಾದಗಳ ಇತಿಹಾಸದಲ್ಲಿ ಆದದ್ದು ಬಹುಪಾಲು ಹೀಗೆಯೇ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಆರಂಭವಾದ ಗ್ರೀಕ್ ಅನುವಾದದಲ್ಲಿ ಅನೇಕ ಕಡೆ ‘ಎಪಿಸ್ಕೆಪ್ತೊಮಾಯ್’, ಅಂದರೆ ‘ಮೇಲಿನಿಂದ ಕಣ್ಣಿಟ್ಟು ನೋಡು’ ಎಂಬ ಕ್ರಿಯಾಪದವಿದೆ. ಆದರೆ ಹತ್ತು ಆಜ್ಞೆಗಳ ವಚನದಲ್ಲಿ ‘ಮರಳಿ ಸಲ್ಲಿಸು’ ಎಂಬರ್ಥದ ಬೇರೊಂದು ಪದ ಬಂದಿದೆ. ಲ್ಯಾಟಿನ್ ಅನುವಾದಕನಾದ ಜೆರೋಮ್ ಸಾರಳ ಪ್ರಸಂಗದಲ್ಲಿಯೂ ಅಪರಾಧದ ಪ್ರಸಂಗದಲ್ಲಿಯೂ ‘ವಿಸಿತಾರೆ’ ಎಂಬ ಒಂದೇ ಮಾತನ್ನು ಹಿಡಿದನು. ಇಂಗ್ಲಿಷಿಗೆ ‘ವಿಸಿಟ್’ ಬಂದದ್ದು ಈ ದಾರಿಯಿಂದ. ಅಪರಾಧವನ್ನು ಮಕ್ಕಳ ಮೇಲೆ ‘ವಿಸಿಟ್’ ಮಾಡುವುದೆಂದರೇನೆಂದು ಇಂದಿನ ಇಂಗ್ಲಿಷ್ ಓದುಗರು ತಬ್ಬಿಬ್ಬಾಗುವುದೂ ಇದರಿಂದಲೇ. ಅವರ ‘ವಿಸಿಟ್’ ಈಗ ನೆಂಟರ ಮನೆಗೆ ಹೋಗಿಬರುವಷ್ಟಕ್ಕೆ ಸವೆದುಹೋಗಿದೆ.

ಗ್ರೀಕ್ ಕ್ರಿಯಾಪದದ ನೆಂಟನಾದ ‘ಎಪಿಸ್ಕೊಪೊಸ್’ ಎಂಬ ನಾಮಪದ, ನೆಹೆಮೀಯನ ಗ್ರಂಥ ಮೊದಲಾದೆಡೆ ‘ಪಾಕೀದ್’ ಎಂಬ ಅಧಿಕಾರಿಗೆ ಸಮಾನಪದವಾಗಿ ಬಳಕೆಯಾಯಿತು. ಅದೇ ಪದ ಕ್ರೈಸ್ತ ಸಭೆಯ ಹುದ್ದೆಯಾಗಿ, ಭಾಷೆಯಿಂದ ಭಾಷೆಗೆ ಸವೆಯುತ್ತ ಬಂದು, ಕನ್ನಡದಲ್ಲಿ ನಾವು ಹೇಳುವ ‘ಬಿಷಪ್’ ಆಯಿತು. ಕನ್ನಡ ಕಥೋಲಿಕರು ಬಿಷಪರನ್ನು ‘ಧರ್ಮಾಧ್ಯಕ್ಷರು’ ಎನ್ನುತ್ತಾರೆ. ಸಂಸ್ಕೃತದಲ್ಲಿ ‘ಅಧ್ಯಕ್ಷ’ ಎಂದರೆ ಮೇಲ್ವಿಚಾರಕ, ಕಣ್ಣಿಟ್ಟು ನೋಡುವವನು. ಅರ್ಥಶಾಸ್ತ್ರದ ಎರಡನೆಯ ಅಧಿಕರಣದ ತುಂಬ ಅಂಥ ಅಧ್ಯಕ್ಷರದೇ ಕಾರುಬಾರು. ಎಪಿಸ್ಕೊಪೊಸ್‌ಗೆ ಇದಕ್ಕಿಂತ ಹೊಂದುವ ಪದ ಸಿಗುವುದು ಕಷ್ಟ. ಇನ್ನು ಚರ್ಚಿನ ಪಾದ್ರಿಯನ್ನು ‘ವಿಚಾರಣಾ ಗುರುಗಳು’ ಎಂದು ಕರೆಯುವ ರೂಢಿಯೂ ಕನ್ನಡ ಕಥೋಲಿಕರಲ್ಲಿದೆ. ಹೀಬ್ರೂವಿನ ‘ಪಾಕೀದ್’ನನ್ನು ನೆನೆದು ಯಾರೋ ಈ ಹೆಸರನ್ನು ಆರಿಸಿದರೆಂದು ನಾನು ಹೇಳುತ್ತಿಲ್ಲ, ಒಂದು ಊರಿನ ಜನರ ಸುಖದುಃಖವನ್ನೂ ತಪ್ಪುಒಪ್ಪುಗಳನ್ನೂ ನೋಡಿಕೊಳ್ಳುವವನಿಗೆ ಕನ್ನಡ ತನ್ನಷ್ಟಕ್ಕೆ ತಾನೇ ಹುಡುಕಿಕೊಂಡ ಪದ ಅದೇ ಹೊಲದಲ್ಲಿ ಬೆಳೆದದ್ದು ಎಂಬುದಷ್ಟೇ ನನ್ನ ಮಾತು.

ಹಾಗಿದ್ದರೆ ಹತ್ತು ಆಜ್ಞೆಗಳ ವಚನವನ್ನು ‘ತಂದೆಗಳ ಅಪರಾಧಕ್ಕಾಗಿ ಮಕ್ಕಳನ್ನು ದಂಡಿಸುವವನು’ ಎಂದು ಅನುವಾದಿಸುವುದು ತಪ್ಪೇ? ತಪ್ಪೆನ್ನಲಾಗದು, ಆದರೆ ಅದು ಮೂಲ ಬಿಟ್ಟ ಜಾಗವನ್ನು ಮುಚ್ಚುತ್ತದೆ. ಆ ಜಾಗವನ್ನು ಬಳಸಿಕೊಂಡೇ, ಒಂಕೆಲೋಸನ ಹೆಸರಿನಲ್ಲಿರುವ ಅರಮಾಯಿಕ್ ಅನುವಾದ, ಮಕ್ಕಳು ತಂದೆಗಳ ದಾರಿ ಹಿಡಿದು ಪಾಪವನ್ನು ಮುಂದುವರಿಸಿದಾಗ ಎಂಬ ಷರತ್ತನ್ನು ಸೇರಿಸಿತು. ತಂದೆಯ ಸಾಲದ ಪುಸ್ತಕವನ್ನು ಮಗನ ಮುಂದೆ ತೆರೆದು ಲೆಕ್ಕ ನೋಡುವುದೇ ಬೇರೆ, ನೋಡದೆಯೇ ಮಗನಿಂದ ವಸೂಲು ಮಾಡುವುದೇ ಬೇರೆ. ‘ಪಾಕದ್’ ಎಂಬ ಪದ ಮೊದಲನೆಯದನ್ನು ಖಚಿತವಾಗಿ ಹೇಳುತ್ತದೆ, ಎರಡನೆಯದನ್ನು ಓದುವವನ ಭಯಕ್ಕೆ ಬಿಡುತ್ತದೆ.

ಅರಣ್ಯಕಾಂಡವನ್ನು ಬಿಟ್ಟರೆ ಈ ಕ್ರಿಯಾಪದವನ್ನು ಅತಿ ಹೆಚ್ಚು ಬಳಸಿದವನು ಯೆರೆಮೀಯ. ಬ್ಯಾಬಿಲೋನಿಗೆ ಸೆರೆಹೋದವರಿಗೆ ಎಪ್ಪತ್ತು ವರ್ಷ ತುಂಬಿದ ಮೇಲೆ ದೇವರು ‘ಪಾಕದ್’ ಮಾಡುವನೆಂದು ಅವನು ಸಮಾಧಾನ ಹೇಳುತ್ತಾನೆ, ಬ್ಯಾಬಿಲೋನಿನ ಅರಸನನ್ನೂ ದೇವರು ‘ಪಾಕದ್’ ಮಾಡುವನೆಂದು ಎಚ್ಚರಿಸುತ್ತಾನೆ; ಬ್ಯಾಬಿಲೋನಿಯದಲ್ಲಿದ್ದ ಪುಕೂದು ಎಂಬ ಅರಮೇಯ ಕುಲದ ಹೆಸರು ಸಿಕ್ಕಿದಾಗ ಅದನ್ನು ‘ಪೆಕೋದ್’ ಎಂದು ತಿರುಗಿಸಿ ಅದರಲ್ಲಿಯೂ ಶ್ಲೇಷೆ ಮಾಡುತ್ತಾನೆ. ಆದರೆ ಅವನ ಕೈಚಳಕ ಪೂರ್ತಿಯಾಗಿ ಕಾಣುವುದು 23ನೆಯ ಅಧ್ಯಾಯದ ಆರಂಭದಲ್ಲಿ, ಮಂದೆಯನ್ನು ಚದುರಿಸಿದ ಕುರುಬರನ್ನು, ಅಂದರೆ ಯೆಹೂದದ ಅರಸರನ್ನು ಕುರಿತ ಮಾತಿನಲ್ಲಿ. ಮೂರು ವಚನಗಳ ಅಂತರದಲ್ಲಿ ಅದೇ ಧಾತು ಮೂರು ಬಾರಿ, ಮೂರು ಅರ್ಥಗಳಲ್ಲಿ ಬರುತ್ತದೆ. ಮೊದಲ ಎರಡನ್ನು ಕನ್ನಡ ಹಾಗೆಯೇ ಹಿಡಿಯಬಲ್ಲದು: ‘ನೀವು ನನ್ನ ಮಂದೆಯನ್ನು ಚದುರಿಸಿ ಓಡಿಸಿದಿರಿ, ಅವುಗಳನ್ನು ವಿಚಾರಿಸಿಕೊಳ್ಳಲಿಲ್ಲ, ಇಗೋ, ನಿಮ್ಮ ದುಷ್ಕೃತ್ಯಗಳಿಗಾಗಿ ನಿಮ್ಮನ್ನು ನಾನು ವಿಚಾರಿಸಿಕೊಳ್ಳುತ್ತೇನೆ.’ ಶಿಕ್ಷೆ ಬರುವುದು ಅಲಕ್ಷ್ಯಕ್ಕೆ, ಅದೂ ಅಲಕ್ಷ್ಯ ಮಾಡಿದ ಕ್ರಿಯೆಯ ಹೆಸರಿನಲ್ಲಿಯೇ. ಮುಂದೆ ನಾಲ್ಕನೆಯ ವಚನದಲ್ಲಿ ದೇವರು ಹೊಸ ಕುರುಬರನ್ನು ನೇಮಿಸಿದ ಮೇಲೆ ಕುರಿಗಳು ಇನ್ನು ಅಂಜವು, ಬೆದರವು, ‘ನಿಫ್ಕದ್’ ಆಗವು ಎಂದಿದೆ. ‘ಒಂದೂ ಎಣಿಕೆಗೆ ತಪ್ಪದು’ ಎಂದು ಬರೆಯಬಹುದು, ಅರ್ಥ ಸರಿಯಾಗಿಯೇ ಬರುತ್ತದೆ. ಆದರೆ ‘ವಿಚಾರಿಸಿಕೊಳ್ಳು’ ಎಂಬ ದಾರ ಅಲ್ಲಿಗೆ ಮುಟ್ಟುವುದಿಲ್ಲ. ಹೀಬ್ರೂ ಓದುಗನಿಗೆ ಒಂದೇ ಉಸಿರಿನಲ್ಲಿ ಸಿಗುವ ಮೂರರಲ್ಲಿ ಎರಡು ಕನ್ನಡಕ್ಕೆ ದಕ್ಕುತ್ತವೆ, ಮೂರನೆಯದಕ್ಕೆ ಬೇರೆ ಪದವನ್ನೇ ಕರೆತರಬೇಕಾಗುತ್ತದೆ.